ನವಿಲಿನ ಕುತ್ತಿಗೆಯ ಮೂರು ಸಾಲು

ನವಲಗುಂದ
೨೦ ಏಪ್ರಿಲ್ ೨೦೨೫

ಮಗಳು ರೇಷ್ಮಾಗೆ ನಿನ್ನ ಅಮ್ಮಿಯ ಸಲಾಮು, ದುವಾ.

ಇಲ್ಲಿ ಎಲ್ಲರೂ ಆರಾಮ ಎಂದು ಮೊದಲು ಬರೆಯಬೇಕು, ಬರೆದಿದ್ದೇನೆ. ನಿನ್ನ ಅಣ್ಣ, ಭಾಬಿ ಚೆನ್ನಾಗಿದ್ದಾರೆ. ಆಡು ಎರಡು ಮರಿ ಹಾಕಿದೆ. ಫೋನು ಮಾಡಿದರೆ ನನ್ನ ಹೆಸರು ಕಂಡ ಕೂಡಲೇ ಕಟ್ ಮಾಡುತ್ತೀ, ನಾಲ್ಕು ತಿಂಗಳಾಯಿತು. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯಲು ಕುಳಿತೆ. ನಮ್ಮ ಓಣಿಯ ಬಡಿಗ ದಾವೂದಸಾಬ ಕಟ್ಟಿಗೆ ತರಲು ನಿಮ್ಮ ಅಳ್ನಾವರಕ್ಕೆ ಬರುವವನಿದ್ದಾನೆ, ಅವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಒಲೆಗೆ ಹಾಕುವುದಾದರೂ ಪೂರ್ತಿ ಓದಿ ಹಾಕು. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳ ಅಕ್ಷರ, ಸೊಟ್ಟಪಟ್ಟ ಇವೆ. ಇಷ್ಟು ಬರೆಯಲು ಒಂಬತ್ತು ದಿನ ಹಿಡಿದಿದೆ, ನಗಬೇಡ.

ನಾನು ಕೇಳುವುದು ಒಂದೇ. ಸಾಲೆಗೆ ಬೇಸಿಗೆ ರಜೆ ಬಿಟ್ಟಿದೆ. ನನ್ನ ಮೊಮ್ಮಗಳು ರುಬಿಯಾಳನ್ನು ಕರೆದುಕೊಂಡು ಬಾ. ಯಾರ ಕೈಯಲ್ಲಾದರೂ ಕಳಿಸು ಎನ್ನುತ್ತಿಲ್ಲ. ನೀನೇ ಬಾ. ರಮಜಾನ್ ಹಬ್ಬಕ್ಕೂ ಬರಲಿಲ್ಲ ನೀನು. ಫೆಬ್ರುವರಿಯಲ್ಲಿ ನಿನಗೆ ಎರಡನೆಯದೂ ಹೆಣ್ಣು ಕೂಸು ಎಂದು ನನಗೆ ಹೇಳಿದವನು ದಾವೂದಸಾಬ. ಓಣಿಯವರು ಕೇಳಿದಾಗ, ನಂಗ ಮೊದಲ ಗೊತ್ತಿತ್ತು ಬಿಡ್ರಿ, ಎಂದು ಸುಳ್ಳು ಹೇಳಿ ಒಳಗೆ ಬಂದು ಅತ್ತೆ. ಕೂಸಿನ ಹೆಸರೇನು ಎಂದೂ ನನಗೆ ಗೊತ್ತಿಲ್ಲ.

ಹೋದ ಜುಲೈನಲ್ಲಿ, ಹೆರಿಗೆಯವರೆಗೂ ಮಂಚ ಬಿಟ್ಟು ಇಳಿಯಬಾರದು ಎಂದು ಡಾಕ್ಟರು ನಿನಗೆ ಹೇಳಿದಾಗ, ಅಳಿಯ ಮುಸ್ತಫಾ ಅವರು ರುಬಿಯಾಳನ್ನು ತಂದು ನನ್ನ ಹತ್ತಿರ ಬಿಟ್ಟರು. ಇಲ್ಲಿನ ಸಾಲೆಯಲ್ಲಿ ನಾಲ್ಕನೇ ಇಯತ್ತೆಗೆ ಹೆಸರು ಹಚ್ಚಿದೆವು. ಅವಳಿಗೆ ಕಲಿಸುವ ಮಹಾನಂದಾ ಅಕ್ಕೋರದು ಬೇರೆಯೇ ಪದ್ಧತಿ. ಶನಿವಾರ ಸಾಲೆ ಬಿಡುವಾಗ ವಾರಕ್ಕೆ ಒಂದೇ ಕೆಲಸ ಹೇಳುವರು, ಸೋಮವಾರ ಅದನ್ನು ಮಾಡಿ ತೋರಿಸಬೇಕು. ಅದಕ್ಕೆಂದೇ ಬೇರೆ ಪುಸ್ತಕ. ಪ್ರತಿ ಹಾಳೆಯ ಕೆಳಗೆ ಪಾಲಕರ ಸಹಿ ಎಂದು ಒಂದು ಗೆರೆ. ಎಷ್ಟು ವರ್ಷದ ಮೇಲೆ ಪೆನ್ನು ಹಿಡಿದಿದ್ದೆನೋ, ಮೊದಲ ಸಲ ಬಾಷಾಬಿ ಎಂದು ಬರೆಯುವಾಗ ಬೆವತು ಹೋದೆ. ನಿನ್ನ ಮಗಳು ಪಕ್ಕದಲ್ಲಿ ನಿಂತು, ನಾನಿ, ಗೆರಿ ಬಿಟ್ಟು ಹೊರಗ ಹೋಗಬ್ಯಾಡ, ಎಂದು ನನಗೇ ಗದರಿದಳು. ಥೇಟ್ ನಿನ್ನ ದನಿ.

ಒಂದು ವಾರ, ಮನೆಯ ಸಾಮಾನು ಗೇಣಿನಿಂದ ಅಳೆದು ಬರೆಯಿರಿ ಎಂದಿದ್ದರು. ಮಂಚ, ಮಗ್ಗ, ಬಾಗಿಲು ಎಲ್ಲ ಅಳೆದಳು. ಆಡಿನ ಕಿವಿ ಒಂದು ಗೇಣಿಗೆ ಸ್ವಲ್ಪ ಕಡಿಮೆ, ಆಡು ಸರಿಯಾಗಿ ನಿಲ್ಲಲಿಲ್ಲ ಎಂದು ಬರೆದಳು. ಇನ್ನೊಂದು ವಾರ ಹತ್ತು ತರಹದ ಕಾಳು ಅಂಟಿಸಬೇಕಿತ್ತು. ಭಾನುವಾರ ಇಲಿ ಬಂದು ಹೆಸರು ಕಾಳು ತಿಂದು ಹೋಯಿತು. ಇವಳು ಆ ಜಾಗದಲ್ಲಿ, ಇಲ್ಲಿ ಹೆಸರು ಇತ್ತು, ಇಲಿ ತಿಂದಿತು ಎಂದು ಬರೆದು ತೋರಿಸಿದಳು. ಅಕ್ಕೋರು ನಕ್ಕು ಅದಕ್ಕೂ ಸರಿ ಗುರುತು ಹಾಕಿದ್ದರು. ಶನಿವಾರ ಬಂತೆಂದರೆ ನಾನೇ ಬಾಗಿಲಲ್ಲಿ ನಿಂತು, ಈ ವಾರ ಏನ ಕೊಟ್ಟಾರವಾ, ಎಂದು ಕೇಳುವಂತಾಗಿದ್ದೆ. ಅಷ್ಟು ಸಂತೋಷ ನನಗೆ ನಿಮ್ಮ ಅಬ್ಬಾ ಹೋದ ಮೇಲೆ ಆಗಿರಲಿಲ್ಲ ರೇಷ್ಮಾ.

ಡಿಸೆಂಬರಿನಲ್ಲಿ ಆ ವಾರ ಬಂತು. ಮನೆಯ ಹಿರಿಯರು ಮಾಡುವ ಒಂದು ಕೆಲಸವನ್ನು ಅವರಿಂದ ಕಲಿತು, ಸ್ವತಃ ಮಾಡಿ, ಹೇಗೆ ಮಾಡಿದೆ ಎಂದು ಬರೆ ಎಂದಿದ್ದರು ಅಕ್ಕೋರು. ಚೀಲ ಇಳಿಸುವ ಮೊದಲೇ, ನಾನಿ, ನಂಗ ಮಗ್ಗ ಹೇಳಿಕೊಡು, ಎಂದಳು. ರೊಟ್ಟಿ ಬಡಿಯುವುದು ಕಲಿ, ಅದನ್ನೇ ಬರೆ ಎಂದೆ. ರೊಟ್ಟಿ ಎಲ್ಲಾರ ಮನ್ಯಾಗೂ ಬಡೀತಾರ ನಾನಿ, ಜಮಖಾನ ನಮ್ಮ ಮನ್ಯಾಗಷ್ಟ ಮಾಡ್ತಾರ, ಎಂದಳು. ಅದಕ್ಕೆ ನಾನು ಏನು ಹೇಳಿದೆ ಗೊತ್ತೇ? ನಮ್ಮ ಮನಿ ಅನ್ನಬ್ಯಾಡ, ನಿಮ್ಮ ಮನಿ ಅಳ್ನಾವರದಾಗ ಐತಿ, ಎಂದೆ. ಒಂಬತ್ತು ವರ್ಷದ ಕೂಸಿಗೆ.

ನಮ್ಮ ಮನೆಯ ರೀತಿ ನಿನಗೆ ಹೊಸದಲ್ಲ. ಜಮಖಾನ ನೇಯುವುದು ಹೆಂಗಸರ ಕೆಲಸ, ಆದರೆ ಹೇಳಿಕೊಡುವುದು ಸೊಸೆಗೆ, ಮಗಳಿಗಲ್ಲ. ನವಿಲಿಗೆ ಎಷ್ಟು ಎಳೆ ಎತ್ತಬೇಕು, ಎಷ್ಟು ಬಿಡಬೇಕು ಎಂಬ ಎಣಿಕೆ ಎಲ್ಲೂ ಬರೆದಿಟ್ಟಿಲ್ಲ, ತಲೆಯಲ್ಲಿರುವುದು. ಮಗಳು ಮದುವೆಯಾಗಿ ಹೋದರೆ ಎಣಿಕೆಯೂ ಅವಳ ಹಿಂದೆ ಹೋಗುತ್ತದೆ ಎಂಬ ಹೆದರಿಕೆ. ನಾನು ಅಣ್ಣಿಗೇರಿಯಿಂದ ಸೊಸೆಯಾಗಿ ಬಂದಾಗ ನನ್ನ ಅತ್ತೆ ಮಗ್ಗದ ಮೇಲೆ ಕೈ ಇಡಿಸಿ ಆಣೆ ಮಾಡಿಸಿದ್ದಳು. ಆ ಆಣೆ ಉಳಿಸಿಕೊಳ್ಳಲು ನಾನು ನಿನಗೆ ಮಾಡಿದ್ದೂ ಮರೆತಿಲ್ಲ. ನೀನು ಸ್ಟೂಲು ಬೋರಲು ಹಾಕಿ ಅದರ ಕಾಲುಗಳಿಗೆ ದಾರ ಸುತ್ತಿ ಸಣ್ಣ ಮಗ್ಗ ಮಾಡಿಕೊಂಡಿದ್ದೆ. ಹತ್ತು ವರ್ಷ ನಿನಗೆ ಆಗ. ಕತ್ತರಿ ತಂದು ಅಷ್ಟೂ ದಾರ ಕತ್ತರಿಸಿ ನಿನ್ನ ಅಂಗೈಗೆ ಹೊಡೆದೆ. ಆಮೇಲೆ ನಿನ್ನ ಭಾಬಿಗೆ ಎರಡು ವರ್ಷ ಕೂತು ಹೇಳಿಕೊಟ್ಟೆ. ಅವಳಿಗೆ ಸೊಂಟ ಹಿಡಿಯಿತು, ಮನಸ್ಸೂ ಹಿಡಿಯಲಿಲ್ಲ. ಈಗ ದಿನಾ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿ ಬಟ್ಟೆ ಹೊಲಿಯುವ ಫ್ಯಾಕ್ಟರಿಯಲ್ಲಿ ದುಡಿಯುತ್ತಾಳೆ. ಅವಳದೇನೂ ತಪ್ಪಿಲ್ಲ. ಬೇಡವೆಂದವಳಿಗೆ ಬಲವಂತ ಮಾಡಿ ಕಲಿಸಿದೆ, ಬೇಕೆಂದವಳ ಕೈಗೆ ಹೊಡೆದೆ.

ಆ ಭಾನುವಾರ ದಾವೂದಸಾಬನ ತಾಯಿ ಬಿದ್ದು ಕಾಲು ಮುರಿದುಕೊಂಡಿದ್ದಳೆಂದು ಮಾತಾಡಿಸಿ ಬರಲು ಹೋಗಿದ್ದೆ. ತಿರುಗಿ ಬಂದಾಗ ರುಬಿಯಾ ಮಗ್ಗದ ಹಲಗೆಯ ಮೇಲೆ ಕುಳಿತಿದ್ದಳು. ನವಿಲಿನ ಕುತ್ತಿಗೆಯವರೆಗೆ ನಾನು ನೇಯ್ದು ಬಿಟ್ಟಿದ್ದೆ. ಅದರ ಮೇಲೆ ಅವಳು ಮೂರು ಸಾಲು ಎಳೆ ಹಾಯಿಸಿ, ಪಂಜಾದಿಂದ ಬಡಿದು ಕೂಡಿಸಿದ್ದಳು. ಕಬ್ಬಿಣದ ಆ ಪಂಜಾವನ್ನು ಅವಳು ಎರಡೂ ಕೈಯಿಂದ ಎತ್ತಬೇಕು. ನಾನಿ, ನೋಡು, ಎಂದು ನಕ್ಕಳು.

ಆ ಸಂಜೆ ನಿನಗೆ ಫೋನಿನಲ್ಲಿ ನಾನು ಹೇಳಿದ್ದು, ಹುಡುಗಿ ಜಮಖಾನ ಕೆಡಿಸಿದಳು, ಸ್ವಲ್ಪ ಬೈದೆ ಎಂದು. ಸ್ವಲ್ಪ ಬೈದದ್ದಲ್ಲ. ಪಂಜಾದ ಹಿಡಿಕೆಯಿಂದ ಅವಳ ಬೆರಳ ಮೇಲೆ ಹೊಡೆದೆ. ಎಲ್ಲಾ ತಪ್ಪು ನೇಯ್ದಿ, ನನ್ನ ಕೆಲಸ ಹಾಳ ಮಾಡಿದಿ, ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ. ಅವಳು ಅಳಲಿಲ್ಲ. ಬೆರಳು ಬಾಯಲ್ಲಿಟ್ಟುಕೊಂಡು, ಎಲ್ಲಿ ತಪ್ಪೈತಿ ನಾನಿ, ತೋರಸು, ಎಂದಳು.

ತೋರಿಸಲು ತಪ್ಪು ಇರಲಿಲ್ಲ ರೇಷ್ಮಾ.

ಒಂದು ಎಳೆಯೂ ತಪ್ಪಿರಲಿಲ್ಲ. ನೇಯುವಾಗ ನನ್ನ ತುಟಿ ಅಲ್ಲಾಡುವುದನ್ನು ಐದು ತಿಂಗಳು ನೋಡಿ ನೋಡಿ ಎಣಿಕೆ ಹಿಡಿದಿದ್ದಳಂತೆ. ನಿನ್ನ ಭಾಬಿಗೆ ಎರಡು ವರ್ಷದಲ್ಲಿ ಕೂಡದ ಕುತ್ತಿಗೆಯ ತಿರುವು ಈ ಮಗುವಿಗೆ ಒಂದು ಮಧ್ಯಾಹ್ನದಲ್ಲಿ ಕೂಡಿತ್ತು. ಅದನ್ನು ಕಂಡು ನನಗಾದದ್ದು ಸಂತೋಷವೋ, ಹೆದರಿಕೆಯೋ, ಹೊಟ್ಟೆಕಿಚ್ಚೋ ನನಗೇ ತಿಳಿಯದು. ಅವಳು ಇನ್ನೊಮ್ಮೆ ಕೇಳುವ ಮೊದಲು, ಅವಳ ಕಣ್ಣೆದುರಿಗೇ, ಮೂರೂ ಸಾಲು ಗಸಗಸ ಬಿಚ್ಚಿ ಹಾಕಿದೆ. ಸರಿ ಇದ್ದುದಕ್ಕೇ ಬಿಚ್ಚಿದೆ. ತಪ್ಪಿದ್ದರೆ ನಕ್ಕು ಬಿಡುತ್ತಿದ್ದೆನೇನೋ.

ಹುಡುಗಿ ನಿನಗೆ ಫೋನಿನಲ್ಲಿ ಎಲ್ಲ ಹೇಳಿರಬೇಕು, ಎರಡು ದಿನಕ್ಕೆ ಅಳಿಯ ಬಂದು ಅವಳನ್ನು ಕರೆದೊಯ್ದರು. ಬಸ್ಸಿನಲ್ಲಿ ಕುಳಿತವಳು ಕಿಟಕಿಯಿಂದ ಕೈ ಮಾಡಲಿಲ್ಲ. ನೀನು ಫೋನಿನಲ್ಲಿ ಕೊನೆಯದಾಗಿ ಹೇಳಿದ್ದು ನನಗೆ ಬಾಯಿಪಾಠ ಆಗಿದೆ. ನನ್ನ ಕೈಗೆ ಹೊಡೆದದ್ದು ಸಾಲಲಿಲ್ಲೇನು, ಅಕಿ ಕೈಗೂ ಹೊಡದಿ? ಇನ್ನ ನಿನ್ನ ಮನಿ ಹೊಸ್ತಿಲಾ ತುಳಿಯಂಗಿಲ್ಲ, ಎಂದೆ ನೀನು. ತುಳಿಯಬ್ಯಾಡ ಹೋಗ, ಎಂದು ನಾನೂ ಅಂದೆ. ನನ್ನ ಬಾಯಿಗೆ ಬೆಂಕಿ ಬೀಳಲಿ.

ಮರುದಿನ ಮಹಾನಂದಾ ಅಕ್ಕೋರು ಮನೆಗೆ ಬಂದರು. ರುಬಿಯಾ ಸೋಮವಾರ ಕೊಟ್ಟ ಪುಸ್ತಕ ಅವರ ಹತ್ತಿರವೇ ಉಳಿದಿತ್ತು. ಹಾಳೆ ತೆರೆದು ನನ್ನ ಮುಂದೆ ಇಟ್ಟರು. ಇದರಾಗ ನಾ ಏನೂ ಬರದಿಲ್ಲರಿ ಅಮ್ಮಾರ, ಬರಿಯೂದಿದ್ದರ ನೀವ ಬರೀಬೇಕು, ಎಂದು ಹೇಳಿ ಚಹಾ ಸಹ ಕುಡಿಯದೆ ಹೋದರು. ನಿನ್ನ ಮಗಳು ಬರೆದದ್ದು ಇಷ್ಟು:

ನಮ್ಮ ನಾನಿ ಜಮಖಾನ ನೇಯುತ್ತಾಳೆ. ನನಗೆ ಕಲಿಸುವುದಿಲ್ಲ. ಏಕೆಂದರೆ ನಾನು ಬೇರೆ ಮನೆಯವಳು. ನಾನು ಮೂರು ಸಾಲು ನೇಯ್ದೆ. ಅದು ತಪ್ಪಾಯಿತು. ಎಲ್ಲಿ ತಪ್ಪಾಯಿತು ಎಂದು ನನಗೆ ಗೊತ್ತಾಗಲಿಲ್ಲ. ಆದ್ದರಿಂದ ಈ ವಾರ ನಾನು ಏನೂ ಕಲಿಯಲಿಲ್ಲ.

ಕೆಳಗೆ ಸಹಿಯ ಗೆರೆ ಖಾಲಿ. ಆ ವಾರ ಮಾತ್ರ ಅವಳು ನನ್ನ ಸಹಿ ಕೇಳಲು ಬಂದಿರಲಿಲ್ಲ.

ನಾಲ್ಕು ತಿಂಗಳು ಆ ಪುಸ್ತಕವನ್ನು ಹಾಸಿಗೆಗಳ ಕೆಳಗೆ ಮುಚ್ಚಿಟ್ಟಿದ್ದೆ. ಹಟ ನನಗೆ, ನಿನಗೂ ನನ್ನದೇ ಹಟ ಬಂದಿದೆ. ಈಗ ಅವಳ ಬರಹದ ಕೆಳಗೆ ನಾನು ಬರೆದಿದ್ದೇನೆ. ರುಬಿಯಾಳ ಮೂರೂ ಸಾಲು ಸರಿ ಇದ್ದವು, ತಪ್ಪು ಅವಳ ನಾನಿಯದು ಎಂದು ಬರೆದು ಗೆರೆಯ ಮೇಲೆ ಸಹಿ ಮಾಡಿದ್ದೇನೆ. ಸಹಿ ಗೆರೆ ಬಿಟ್ಟು ಹೊರಗೆ ಹೋಗಿದೆ, ಬೈಯಬೇಡ ಎಂದು ಅವಳಿಗೆ ಹೇಳು. ಪುಸ್ತಕವನ್ನು ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ. ನೀನು ನನ್ನ ಮೇಲೆ ಎಷ್ಟು ಸಿಟ್ಟಾದರೂ ಮಾಡು, ಆದರೆ ಆ ಹಾಳೆಯನ್ನು ಅವಳಿಗೆ ಓದಿಸು. ತನಗೆ ಬಾರದು ಎಂದು ತಿಳಿದುಕೊಂಡು ಆ ಮಗು ದೊಡ್ಡದಾಗಬಾರದು.

ಆಣೆ ಮುರಿಯುವ ಪಾಪ ನನಗಿರಲಿ. ಅವಳಿಗೆ ಹೇಳಿಕೊಡುತ್ತೇನೆ. ನಿನಗೂ ಹೇಳಿಕೊಡುತ್ತೇನೆ, ಇಷ್ಟು ತಡವಾಗಿ ಹೇಳಿದ್ದಕ್ಕೆ ಮಾಫ್ ಮಾಡು. ಮಗ್ಗವನ್ನು ಸದ್ಯ ನಿಲ್ಲಿಸಿದ್ದೇನೆ, ಬಿಸಿಲು ಬಹಳ. ನೀವು ಬಂದರೆ ಶುರು ಮಾಡೋಣ. ಅಳಿಯಂದಿರಿಗೆ ನನ್ನ ಸಲಾಮು ಹೇಳು. ಕೂಸಿಗೆ ನನ್ನ ಹೆಸರಿನಲ್ಲಿ ಒಂದು ಮುದ್ದು ಕೊಡು.

ನಿನ್ನ ಅಮ್ಮಿ,
ಬಾಷಾಬಿ

ತಾ. ಕ.: ಬಿಸಿಲಿಗೆ ಮಗ್ಗ ನಿಲ್ಲಿಸಿದೆ ಎಂದು ಬರೆದದ್ದು ಸುಳ್ಳು. ಸುಳ್ಳು ಬಿಡುತ್ತೇನೆಂದು ಕುಳಿತು ಮತ್ತೆ ಸುಳ್ಳೇ ಬರೆದೆ. ಹಬ್ಬದ ಮರುದಿನ ಶಿರಕುರ್ಮಾದ ಬಟ್ಟಲು ನನ್ನ ಕೈಯಿಂದ ಜಾರಿ ಬಿತ್ತು. ಎತ್ತಿಕೊಳ್ಳಲು ಹೋದರೆ ಬಲಗೈ ಮೇಲೆ ಬರಲಿಲ್ಲ. ಲಕ್ವಾ ಎಂದರು. ಕೈ ಇನ್ನು ತಿರುಗಿ ಬರುವುದು ಕಷ್ಟ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದಾರೆ. ನಿನ್ನ ಭಾಬಿ ಕೆಲಸಕ್ಕೆ ಹೋಗುವ ಮೊದಲು ತುತ್ತು ಮಾಡಿ ಉಣಿಸುತ್ತಾಳೆ, ಎಡಗೈಯಿಂದ ಉಣ್ಣಲು ನನಗೆ ನಾಚಿಕೆ. ನಿನಗೆ ತಿಳಿಸಬೇಡ ಎಂದು ಅವಳಿಂದ ಮಾತು ತೆಗೆದುಕೊಂಡಿದ್ದೆ, ಅವಳನ್ನು ಬೈಯಬೇಡ. ಈ ಕಾಗದ, ಪುಸ್ತಕದಲ್ಲಿಯ ಸಹಿ, ಎಲ್ಲ ಎಡಗೈಯದು. ಕೈ ಹೋದ ಮೇಲೆ ಬುದ್ಧಿ ಬಂತೇನು ಎಂದು ಕೇಳುತ್ತೀ. ಬಂದೇ ಕೇಳು. ಮಾಡಿ ತೋರಿಸಲು ಇನ್ನು ನನ್ನಿಂದ ಆಗುವುದಿಲ್ಲ ರೇಷ್ಮಾ, ಬಾಯಿಂದ ಹೇಳಬಲ್ಲೆ, ಅದೂ ಎಷ್ಟು ದಿನವೋ. ನವಿಲು ಕುತ್ತಿಗೆಗೇ ನಿಂತಿದೆ. ರುಬಿಯಾಳ ಮೂರು ಸಾಲು ಬಿಚ್ಚಿದ ಮೇಲೆ ಅಲ್ಲಿಂದ ಮುಂದೆ ಒಂದು ಎಳೆಯನ್ನೂ ನಾನು ಹಾಕಿಲ್ಲ, ಕೈ ಇದ್ದಾಗಲೂ ಹಾಕಲು ಆಗಲಿಲ್ಲ. ಮಗ್ಗದ ಹಲಗೆಯ ಮೇಲೆ ಇಬ್ಬರು ಕೂಡುವಷ್ಟು ಜಾಗವಿದೆ. ನೀವಿಬ್ಬರೂ ಕುಳಿತುಕೊಳ್ಳಿ, ನಾನು ಕೆಳಗೆ ಕುಳಿತು ಎಣಿಸುತ್ತೇನೆ.