ಕನ್ನಡಿಯಲ್ಲಿ ಕಾಣದ ‘ರೈಟ್’

ಅಣ್ಣಾ,

ಇದನ್ನು ಹಾಕಲು ಯಾವ ವಿಳಾಸವೂ ಇಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಇವತ್ತು ನಿನ್ನ ಮಗಳು ಕೋಮಲಾ ನನ್ನನ್ನು ಎಲ್ಲರೆದುರು ಬೈದಳು.

ಆರ್‌ಪಿಸಿ ಲೇಔಟಿನಲ್ಲಿ ಹಳೆಯ ಮನೆಯೊಂದನ್ನು ಕೆಡವಿ ಪಾಯ ತೋಡುತ್ತಿದ್ದೇವೆ. ಜೆಸಿಬಿ ಓಡಿಸುವವಳು ಅವಳೇ. ರಸ್ತೆ ಇಕ್ಕಟ್ಟು, ಗಾಡಿ ಹಿಂದಕ್ಕೆ ಬರುವಾಗ ದಾರಿ ಹೇಳುವುದು ನನ್ನ ಕೆಲಸ. ಬಸ್ ಕಂಡಕ್ಟರನಂತೆ ‘ರೈಟ್, ರೈಟ್’ ಎನ್ನುತ್ತಲೇ, ಚಕ್ರದ ದಾರಿಯಲ್ಲಿ ಬಿದ್ದಿದ್ದ ಹಲಗೆ ಎತ್ತಲು ಬಗ್ಗಿದೆ. ಬಾಯಿ ಮಾತ್ರ ನಿಲ್ಲಲಿಲ್ಲ. ಗಾಡಿ ನಿಂತಿತು. ತಲೆಯೆತ್ತಿದರೆ ಚಕ್ರ ಒಂದು ಗೇಣಿನಷ್ಟು ದೂರದಲ್ಲಿತ್ತು.

ಅವಳು ಎಂಜಿನ್ ಆರಿಸಿ ಇಳಿದು ಬಂದಳು.

“ಚಿಕ್ಕಪ್ಪ, ರೈಟ್ ಅಂದ್ಬಿಟ್ರೆ ಸಾಕಾ? ಕನ್ನಡೀಲಿ ನೀವು ಕಾಣ್ಬೇಕು. ಕಾಣ್ಲಿಲ್ಲ ಅಂದ್ರೆ ನಾನು ಗಾಡಿ ಅಲ್ಲಾಡಿಸಲ್ಲ, ನೀವು ಎಷ್ಟಾದ್ರೂ ಕೂಗ್ಕೊಳಿ.”

“ಹಲಗೆ ಮುರಿದೋಗ್ತಿತ್ತು ಕಣಮ್ಮ.”

“ಮುರಿದ್ರೆ ಇನ್ನೊಂದು ತರ್ತೀನಿ. ಚಿಕ್ಕಪ್ಪನ್ನ ಎಲ್ಲಿಂದ ತರ್ಲಿ?”

ಕೆಂಗೇರಿಯಲ್ಲಿ ನಿನ್ನ ಮೇಲೆ ಹಿಂದಕ್ಕೆ ಬಂದ ಲಾರಿಯ ಡ್ರೈವರಿಗೂ ನಿನ್ನ ‘ರೈಟ್’ ಕೇಳಿಸುತ್ತಲೇ ಇತ್ತಂತೆ. ಅವನು ನಿಲ್ಲಿಸಲಿಲ್ಲ. ನೀನು ಹೋದಾಗಿನಿಂದ ನಾನು ಹೊರಗಿನವರ ಎದುರು ನಿನ್ನ ಮಾತೆತ್ತಿದವನಲ್ಲ.

ಗಾರೆ ಕೆಲಸದ ಮುರುಗೇಶ್ ಟೀ ಕುಡಿಯುತ್ತ ನಕ್ಕ. “ಮೇಡಂ ನಿಮ್ಮನ್ನೇ ರಿಪೇರಿ ಮಾಡ್ಬಿಟ್ರಲ್ಲ ಸಾರ್. ಯಾರ ಮಗಳು?”

“ನಮ್ಮಣ್ಣನ ಮಗಳು. ಬೆಟ್ಟಯ್ಯ ಅಂತ,” ಎಂದೆ.

ಅವನು ಟೀ ಮುಗಿಸಿ ಎದ್ದ. ಅವನು ಮತ್ತೆ ಕೇಳದಿದ್ದರೂ ನಿನ್ನ ಹೆಸರನ್ನು ಇನ್ನೊಮ್ಮೆ ಹೇಳಿದೆ.