ಆ ಕೆರೆಯಲ್ಲಿ ಬಂಡೆ ಇರಲಿಲ್ಲ

ಏಪ್ರಿಲ್ 4, ಶುಕ್ರವಾರ

ಇವತ್ತೂ ದೋಣಿಯಲ್ಲಿ ನೀರು. ಡಬ್ಬದಲ್ಲಿ ಮೊಗೆದು ಮೊಗೆದು ಚೆಲ್ಲಿದೆ. ಮೊನ್ನೆಗಿಂತ ಜಾಸ್ತಿ. ಹಿಂಬದಿಯ ಹಲಗೆಯ ಬುಡದಲ್ಲಿ, ಒಳಗಿನ ನೀರು ಬಸಿಯಲು ಬಿಟ್ಟಿರುವ ತೂತಿಗೆ ಒಂದು ಹಿತ್ತಾಳೆ ಬಳೆ ಕೂರಿಸಿದ್ದಾರೆ. ಬಿರಡೆ ಸರಿಯಾಗೇ ಇದೆ. ನೀರು ಬರುತ್ತಿರುವುದು ಬಳೆಯ ಸುತ್ತಲಿಂದ. ಬೆರಳಿಟ್ಟರೆ ತಣ್ಣಗೆ ತಾಗುತ್ತದೆ.

ರುದ್ರಸ್ವಾಮಿಗೆ ಹೇಳಿದೆ. ಬೋಟಿಂಗ್ ಕಾಂಟ್ರಾಕ್ಟ್ ಅವನದು, ನಾನು ಅವನ ಮೋಟಾರ್ ಬೋಟಿನ ಡ್ರೈವರ್. ಶಿವರಾತ್ರಿ ಹೊತ್ತಿಗೆ ಆ ಬಳೆಯ ಸುತ್ತ ಬಿಳಿ ಸಿಲಿಕಾನ್ ಮೆತ್ತಿಸಿದ್ದ. ಬಾತ್‌ರೂಮ್ ಟೈಲ್ಸ್ ಸಂದಿಗೆ ಹಾಕುವ ಟ್ಯೂಬು. ದೋಣಿಗೆ ಬೇರೆ ಬರುತ್ತದೆ ಎಂದು ಆಗಲೇ ಹೇಳಿದ್ದೆ.

"ಬಾತ್‌ರೂಮಲ್ಲೂ ನೀರೇ ಕಣಮ್ಮ, ಕೆರೇಲೂ ನೀರೇ. ರಜಾ ಸೀಸನ್ ಮುಗೀಲಿ, ನೋಡಾಣ ಬುಡು."

"ಸೀಸನ್‌ನಲ್ಲೇ ಮುಳುಗಿದ್ರೆ?"

"ಬೆಳಬೆಳಗ್ಗೆ ಬಾಯಿಗೆ ಬಂದಂಗೆ ಆಡ್ಬೇಡ."

ಸರಿ. ಹಾಗಾದರೆ ಲೈಫ್ ಜಾಕೆಟ್ ಹಾಕದ ಒಬ್ಬರನ್ನೂ ಹತ್ತಿಸುವುದಿಲ್ಲ ಎಂದೆ. ನಕ್ಕ. ನಗಲಿ.

ಏಪ್ರಿಲ್ 7, ಸೋಮವಾರ

ಎಲ್ಲರೂ ಬದುಕಿದ್ದಾರೆ. ಮೊದಲು ಅದನ್ನು ಬರೆದುಬಿಡುತ್ತೇನೆ.

ನಿನ್ನೆ ಸಂಜೆ. ಶಿವಾನಿ ಎಂಬಾಕೆ, ಆಕೆಯ ಗಂಡ, ಮಗಳು ಅಪೂರ್ವ, ಜೊತೆಗೆ ನೆಂಟರು. ಊರೊಳಗೆ ಬಟ್ಟೆ ಅಂಗಡಿಯಂತೆ. ಜಾಕೆಟ್ ಹಾಕಿದರೆ ಫೋಟೊ ಕೆಡುತ್ತದೆ ಎಂದು ಗಂಡ ಹಟ ಮಾಡಿದರು. ಎಂಜಿನ್ ಆಫ್ ಮಾಡಿ ಕೂತೆ. ಬೈದುಕೊಂಡೇ ಹಾಕಿಕೊಂಡರು.

ನಡುಕೆರೆ ದಾಟುವಾಗ ಕಾಲಡಿ ಚಳಿ. ನೋಡಿದರೆ ಬಳೆ ಒಂದು ಕಡೆ ವಾಲಿದೆ, ಸುತ್ತಲಿಂದ ನೀರು ಬುಗ್ಗೆಯ ಹಾಗೆ. ಏರಿಯ ಕಡೆ ತಿರುಗಿಸಿದೆ. ಸ್ವಲ್ಪ ದೂರಕ್ಕೆ ಎಂಜಿನ್ ನಿಂತಿತು. ಹಿಂಭಾಗ ಕುಸಿಯಿತು. ಎಲ್ಲರೂ ಎದ್ದು ನಿಂತರು— ಕೂತ್ಕೊಳ್ಳಿ ಕೂತ್ಕೊಳ್ಳಿ ಎಂದು ಕಿರುಚಿದೆ— ಅಷ್ಟರಲ್ಲಿ ಆ ಹುಡುಗಿ ನೀರಿಗೆ ಬಿದ್ದಿದ್ದಳು. ಹಾರಿದೆ. ಜಾಕೆಟ್ಟಿನ ಕೊರಳಪಟ್ಟಿ ಕೈಗೆ ಸಿಕ್ಕಿತು. ಗಟ್ಟಿ ಹಿಡಿದೆ. ಉಳಿದವರು ಅರ್ಧ ಮುಳುಗಿದ ದೋಣಿಯ ಅಂಚು ಹಿಡಿದು ತೇಲುತ್ತಿದ್ದರು. ಪೆಡಲ್ ಬೋಟಿನವರು ಬಂದು ಎಳೆದುಕೊಂಡರು.

ಇವತ್ತು ಫೋನಿನಲ್ಲೆಲ್ಲ ಅದೇ ವಿಡಿಯೊ. "ಲೇಡಿ ಡ್ರೈವರ್ ಎಡವಟ್ಟು." ಚಾನೆಲ್‌ನವರ ಮುಂದೆ ರುದ್ರಸ್ವಾಮಿ ಕೈಮುಗಿದು ಹೇಳುತ್ತಿದ್ದಾನೆ— ಫೋನ್ ನೋಡ್ಕೊಂಡು ಬಂಡೆಗೆ ಗುದ್ದಿದ್ದಾಳೆ.

ಬಂಡೆ! ಆ ಕೆರೆಯ ತಳ ನನಗೆ ಗೊತ್ತು. ಕೆಸರು, ಜೊಂಡು, ಬಿಯರ್ ಬಾಟಲಿ. ಬಂಡೆ ಎಲ್ಲಿಂದ ಬಂತು?

ಏಪ್ರಿಲ್ 9, ಬುಧವಾರ

ಆಫೀಸಿಗೆ ಕರೆಸಿದ. ಟೈಪ್ ಮಾಡಿದ ಕಾಗದ ಮುಂದಿಟ್ಟ. ತಪ್ಪಾಯಿತು, ಬಂಡೆ ಗಮನಿಸಲಿಲ್ಲ, ಕ್ಷಮಿಸಿ.

"ಸೈನ್ ಹಾಕು. ತಿಂಗ್ಳು ಬುಟ್ಟು ಪೆಡಲ್ ಬೋಟ್ ಕೌಂಟರ್‌ನಾಗೆ ಕೂರಿಸ್ತೀನಿ. ಇಲ್ದಿದ್ರೆ ಆ ಶಿವಾನಿ ಮೇಡಮ್ ಕಂಪ್ಲೇಂಟ್ ಕೊಟ್ಟವ್ರೆ, ಪೊಲೀಸ್ ಸ್ಟೇಷನ್ ಅಲೀತೀಯ."

"ಅಲೀತೀನಿ."

"ಏನಂದೆ?"

"ಬಂಡೆ ಎಲ್ಲಿದೆ ತೋರ್ಸಿ. ಅದ್ರ ಮೇಲೆ ಕೂತ್ಕೊಂಡೇ ಸೈನ್ ಹಾಕ್ತೀನಿ."

ಬಾಗಿಲು ತೋರಿಸಿದ. ನಡೆದು ಬಂದೆ. ಬಸ್‌ಸ್ಟಾಪಿನಲ್ಲಿ ಇಬ್ಬರು ಹೆಂಗಸರು ನನ್ನ ಮುಖ ನೋಡಿ ಪಿಸುಗುಟ್ಟಿದರು. ನಾನೂ ಅವರನ್ನೇ ನೋಡಿದೆ. ಅವರೇ ಮುಖ ತಿರುಗಿಸಿದರು.

ಏಪ್ರಿಲ್ 14, ಸೋಮವಾರ

ಬಾಬಾಸಾಹೇಬರ ಜಯಂತಿ. ಹೋಗುವುದಿಲ್ಲ ಎಂದು ಮಲಗಿದ್ದೆ. ಅತ್ತೆ ಬಿಳಿ ಸೀರೆ ತಂದು ಮೇಲೆ ಎಸೆದರು.

"ಏಳು. ಮಗೀನ ಜೀವ ಉಳಿಸ್ದೋಳು ಯಾಕೆ ಮುಸುಕು ಹೊದ್ಕೊಂಡ್ ಬಿದ್ದಿದ್ದೀಯೆ? ಮುಸುಕು ಹಾಕೋಬೇಕಾದೋನು ಅವ್ನು."

ನಮ್ಮತ್ತೆ ಬಸವಮ್ಮ ಹೊಗಳುವುದು ಅಪರೂಪ. ಹೊಗಳಿದರೂ ಬೈದ ಹಾಗೇ ಇರುತ್ತದೆ. ಎದ್ದೆ. ಮೆರವಣಿಗೆಯಲ್ಲಿ ಮುಂದಿನ ಸಾಲಲ್ಲೇ ನಡೆದೆ.

ಉದಯಗಿರಿಯ ಮನೆಗೆ ವಾಪಸ್ ಬರುವಾಗ ನನ್ನ ಗಂಡ ನಾಗೇಂದ್ರ ಗಕ್ಕನೆ ಸ್ಕೂಟರ್ ನಿಲ್ಲಿಸಿದರು. "ಏ ಧರಣಿ, ಅದು ನಿನ್ ಬೋಟಲ್ವೇನೆ?"

ನಮ್ಮ ಬೀದಿಯ ತುದಿಯ ಗುಜರಿಯಲ್ಲಿ, ತುಕ್ಕು ಹಿಡಿದ ಫ್ರಿಜ್ಜುಗಳ ನಡುವೆ, ನನ್ನ ದೋಣಿ. ರುದ್ರಸ್ವಾಮಿ ಎಂಜಿನ್ ಬಿಚ್ಚಿಕೊಂಡಿದ್ದಾನೆ. ಬಳೆಯನ್ನು ಹಾಗೇ ಬಿಟ್ಟಿದ್ದಾನೆ, ಪೆದ್ದ.

ಏಪ್ರಿಲ್ 15, ಮಂಗಳವಾರ

ದೋಣಿ ಈಗ ನಮ್ಮ ಮನೆ ಮುಂದೆ. ಎಷ್ಟು ಕೊಟ್ಟೆ ಎಂದು ಅತ್ತೆಗೂ ಹೇಳಿಲ್ಲ, ಇಲ್ಲೂ ಬರೆಯುವುದಿಲ್ಲ.

ಮಗುಚಿ ಹಾಕಿದೆವು. ತಳವನ್ನೆಲ್ಲ ತೊಳೆದು ಅಂಗೈಯಲ್ಲಿ ಸವರಿದೆ. ಗುದ್ದಿದ ಗುರುತಿಲ್ಲ, ಒಡಕಿಲ್ಲ. ಬಳೆಯ ಸುತ್ತಲಿನ ಸಿಲಿಕಾನ್ ತುದಿ ಹಿಡಿದು ಎಳೆದರೆ ಬಿಸಿಹಾಲಿನ ಕೆನೆಯ ಹಾಗೆ ಎದ್ದು ಬಂತು. ದೋಣಿಯ ಫೈಬರಿಗೆ ಅದು ಕಚ್ಚಿಕೊಂಡೇ ಇರಲಿಲ್ಲ. ನಾಗೇಂದ್ರ ಎಲ್ಲ ವಿಡಿಯೊ ಮಾಡಿದರು. ಇನ್ನರ್ಧ ಸಿಲಿಕಾನ್ ಹಾಗೇ ಬಿಟ್ಟಿದ್ದೇನೆ. ನೋಡಬೇಕಾದವರು ಬೇರೆ ಇದ್ದಾರೆ.

ಏಪ್ರಿಲ್ 18, ಶುಕ್ರವಾರ

ಬಟ್ಟೆ ಅಂಗಡಿಗೆ ಹೋದೆ. ಗಿರಾಕಿಗಳ ಎದುರೇ ಶಿವಾನಿಯ ಗಂಡ ಎದ್ದು ನಿಂತರು. "ಎಷ್ಟ್ರೀ ಧೈರ್ಯ ನಿಮ್ಗೆ? ಆಚೆ ನಡೀರಿ."

"ಹೋಗ್ತೀನಿ ಸರ್. ದೋಣಿ ನಮ್ಮನೆ ಮುಂದೆ ಇದೆ. ಬಂಡೆ ಗುದ್ದಿದ ಗುರುತು ಹುಡುಕಿ. ಸಿಕ್ರೆ ನಾನೇ ಸ್ಟೇಷನ್‌ಗೆ ಬರ್ತೀನಿ."

ಶಿವಾನಿ ಗಲ್ಲಾದಲ್ಲಿ ಕೂತಿದ್ದರು. ಅವರ ಕಡೆ ತಿರುಗಿದೆ. ವಿಳಾಸ ಹೇಳಿ ಬಂದೆ.

ಏಪ್ರಿಲ್ 20, ಭಾನುವಾರ

ಬಂದರು! ಒಬ್ಬರೇ, ಆಟೊದಲ್ಲಿ. ಚಪ್ಪಲಿ ಬಿಟ್ಟು ದೋಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ತಳವನ್ನೆಲ್ಲ ಮುಟ್ಟಿ ನೋಡಿದರು. ಉಳಿದಿದ್ದ ಸಿಲಿಕಾನನ್ನು ಉಗುರಲ್ಲಿ ಎಬ್ಬಿಸಿದರು. ಬಂತು. ಅದನ್ನು ಬೆರಳಿಗೆ ಸುತ್ತಿಕೊಂಡರು.

"ಇದ್ರ ಮೇಲೆ ನನ್ ಮಗೂನ ಕೂರ್ಸಿದ್ರಾ?"

"ಹ್ಞೂಂ. ನಾನೇ ನಡೆಸ್ತಿದ್ದೆ. ಸೋರುತ್ತೆ ಅಂತ ಹೇಳಿದ್ದೆ, ಕೇಳ್ಲಿಲ್ಲ."

"ಹೇಳಿದ್ಮೇಲೂ ನಡೆಸಿದ್ರಲ್ಲ?"

ನಿಜವೇ. ಕೆಲಸ ಹೋಗುತ್ತದೆ ಎಂದು ನಡೆಸಿದೆ. ಹಾಗೇ ಹೇಳಿದೆ. ಆಕೆ ತಲೆಯಾಡಿಸಿದರು. "ಅಪೂರ್ವ ಈಗ ಬಕೆಟ್ ನೀರು ಕಂಡ್ರೂ ಅಳ್ತಾಳೆ," ಎಂದು ಹೇಳಿ ಹೋದರು.

ಸಂಜೆ ಶಿವಾನಿಯ ಫೋನ್. ನನ್ನ ಮೇಲಿನ ದೂರು ವಾಪಸ್. ಈಗ ರುದ್ರಸ್ವಾಮಿಯ ಮೇಲೆ ಕೊಟ್ಟಿದ್ದಾರೆ.

ಏಪ್ರಿಲ್ 23, ಬುಧವಾರ

ಅವನ ಕಥೆ ಬದಲಾಗಿದೆ. ಈಗ ಬಂಡೆಯ ಸುದ್ದಿ ಇಲ್ಲ. "ದೋಣಿ ಹಳೇದು, ಆಯಸ್ಸು ಮುಗಿದಿತ್ತು, ಯಾರು ಏನ್ಮಾಡಿದ್ರೂ ನಿಲ್ತಿರ್ಲಿಲ್ಲ."

ನಾಗೇಂದ್ರ: "ದೂರು ಹೋಯ್ತಲ್ಲ, ಇನ್ನು ಬುಡು. ಬೀದೀಲಿ ಜನ ಸ್ಕೂಟರ್ ದಾಟ್ಸಕ್ಕೆ ಜಾಗ ಇಲ್ಲ ಅಂತವ್ರೆ." ಹೆಬ್ಬಾಳದ ಫ್ಯಾಕ್ಟರಿ ಬಸ್ ಓಡಿಸಿ ಸುಸ್ತಾಗಿ ಬಂದಿದ್ದರು. ಪಾಪ.

"ಬುಡಲ್ಲ. ಈ ದೋಣಿ ಕೆಟ್ಟದ್ದಲ್ಲ. ನಾನೂ ಕೆಟ್ಟ ಡ್ರೈವರಲ್ಲ. ಇಬ್ರೂ ನೀರಿಗಿಳಿದೇ ತೋರಿಸ್ಬೇಕು."

ಅಂಟು ಹುಡುಕಲು ಸಣ್ಣಮಾದಯ್ಯನ ಹತ್ತಿರ ಹೋದೆ. ಬಸ್ಸುಗಳಿಗೆ ಮುಂದಿನ ಗಾಜು ಕೂರಿಸುವವನು.

"ಇದು ಪಿಯು, ಗಾಜಿನ ಅಂಟು. ಹಾಕ್ಬುಟ್ರೆ ಜನ್ಮ ಪೂರ್ತಿ ಬಿಡಲ್ಲ ಕಣವ್ವ."

"ಮುಂದೆ ಬಳೆ ಬಿಚ್ಬೇಕಾದ್ರೆ?"

"ಬಿಚ್ಚೋದು ಯಾಕೆ? ಅಂಟು ಅಂದ್ರೆ ಅಂಟು."

ಅದೇ ತೊಂದರೆ. ಬಳೆ ಸವೆಯುತ್ತದೆ, ಬಿಚ್ಚಲೇಬೇಕಾಗುತ್ತದೆ. ಜನ್ಮಪೂರ್ತಿ ಅಂಟಿದರೆ ಬಳೆಯ ಜೊತೆ ಫೈಬರೂ ಕಿತ್ತು ಬರುತ್ತದೆ. ಗಾಜಿನ ಅಂಟು ಸದಾ ನೀರಿನೊಳಗೆ ಇರುತ್ತದೆಯೇ ಎಂದು ಕೇಳಿದ್ದಕ್ಕೆ ಮಳೆ ತಡೆಯುತ್ತೆ ಎಂದ. ಮಳೆ ಬೇರೆ, ಕೆರೆ ಬೇರೆ.

ಏಪ್ರಿಲ್ 26, ಶನಿವಾರ

ಓದಿದೆ, ವಿಡಿಯೊ ನೋಡಿದೆ, ಅಂಟಿನ ಕಂಪನಿಯ ಹೆಲ್ಪ್‌ಲೈನಿಗೆ ಫೋನ್ ಮಾಡಿ ತಲೆ ತಿಂದೆ. ತೀರ್ಮಾನ ಆಯಿತು.

ಬಳೆಗೆ ಪಾಲಿಸಲ್ಫೈಡ್ ಎಂಬ ಅಂಟು. ಯಾವಾಗಲೂ ನೀರಿನೊಳಗಿದ್ದರೂ ತಡೆಯುತ್ತದೆ, ರಬ್ಬರಿನ ಹಾಗೆ ಬಾಗುತ್ತದೆ, ಬೇಕೆಂದಾಗ ಕುಯ್ದು ತೆಗೆಯಬಹುದು. ಕೆಲವು ಪ್ಲಾಸ್ಟಿಕ್ಕನ್ನು ತಿಂದುಹಾಕುತ್ತದಂತೆ. ನನ್ನದು ಹಿತ್ತಾಳೆ, ಭಯವಿಲ್ಲ. ದೋಣಿಯ ಮೇಲಿನ ಚಿಪ್ಪು ಕೆಳಗಿನ ಚಿಪ್ಪು ಕೂಡುವ ಅಂಚು ಒಂದು ಕಡೆ ಬಾಯಿಬಿಟ್ಟಿದೆ. ಅದನ್ನು ಯಾರೂ ಬಿಚ್ಚಬೇಕಿಲ್ಲ, ಅಲ್ಲಿಗೆ ದೋಣಿಗೆಂದೇ ಬರುವ ಪಿಯು. ಸಿಲಿಕಾನ್? ನಮ್ಮ ಬಾತ್‌ರೂಮಿಗೆ.

ಮೇ 7, ಬುಧವಾರ

ತೂತಿನ ಅಂಚಿನಲ್ಲಿ ಫೈಬರಿನೊಳಗಿನ ಮರ ನೆನೆದಿತ್ತು. ಒಣಗುವ ತನಕ ಕಾದೆ. ಇವತ್ತು ಬಳೆ ಕೂರಿಸಿದೆ. ಸಲೀಸಾಗಿ ಆಯಿತು.

ಮೇ 15, ಗುರುವಾರ

ಆಗಲಿಲ್ಲ.

ಗಟ್ಟಿಯಾದ ಮೇಲೆ ಅಂಚಿಗೆ ಉಗುರು ಹಾಕಿ ನೋಡಿದೆ. ಇದೂ ಕೆನೆಯ ಹಾಗೇ ಎದ್ದು ಬಂತು. ಅಷ್ಟು ಒಳ್ಳೆಯ ಅಂಟು! ಟ್ಯೂಬು ಎತ್ತಿ ಗೋಡೆಗೆ ಎಸೆದೆ. ಎದುರುಮನೆಯ ಮಾಲಾ ಕಿಟಕಿಯಿಂದ, "ಗುಜರಿಯೋನಿಗೇ ವಾಪಸ್ ಕೊಡಿ ಧರಣಿ ಅಕ್ಕ," ಎಂದಳು. ಕೆಟ್ಟ ಮನಸ್ಸಿಂದಲ್ಲ. ಆದರೂ ಉರಿದುಹೋಯಿತು.

ತಪ್ಪು ನನ್ನದೇ. ಸಿಲಿಕಾನ್ ಕಣ್ಣಿಗೆ ಕಾಣದ ಹಾಗೆ ಫೈಬರಿಗೆ ಎಣ್ಣೆಯಂತೆ ಹತ್ತಿಕೊಂಡಿರುತ್ತದೆ. ಅದರ ಮೇಲೆ ಯಾವುದೂ ಹಿಡಿಯುವುದಿಲ್ಲ. ಸುಮ್ಮನೆ ಒರೆಸಿದರೆ ಹೋಗುವುದಿಲ್ಲ ಎಂದು ಓದಿದ್ದೆ. ಓದಿಯೂ ಆತುರಪಟ್ಟೆ. ಹೋಗಲಿ, ಮೊದಲಿಂದ ಶುರು.

ಮೇ 18, ಭಾನುವಾರ

ಮುಖಕ್ಕೆ ಮಾಸ್ಕು, ತೋಳಿಗೆ ನಾಗೇಂದ್ರರ ಹಳೆಯ ಶರ್ಟು. ಹೊಸ ಫೈಬರ್ ಕಾಣುವವರೆಗೆ ಉಪ್ಪುಕಾಗದದಲ್ಲಿ ಉಜ್ಜಿದೆ. ಆ ಪುಡಿಯ ತುರಿಕೆ ದೇವರಿಗೇ ಪ್ರೀತಿ. ಅಸಿಟೋನ್ ಹಾಕಿ ಒರೆಸಿ, ಬಟ್ಟೆ ಬದಲಿಸಿ ಮತ್ತೆ ಒರೆಸಿ, ಒಂದು ಚಮಚ ನೀರು ಬಿಟ್ಟು ನೋಡಿದೆ. ಹನಿಹನಿಯಾಗಿ ಉರುಳಿತು. ಸಿಲಿಕಾನ್ ಇನ್ನೂ ಇದೆ, ದರಿದ್ರ. ಮತ್ತೆ ಉಜ್ಜಿದೆ. ಕೊನೆಗೆ ನೀರು ತೆಳ್ಳಗೆ ಹರಡಿಕೊಂಡಿತು. ಅಬ್ಬಾ.

ಒಣಗಿಸಿ, ಸುತ್ತ ಟೇಪು ಹಚ್ಚಿ, ಗನ್ನಿನಿಂದ ಎಲ್ಲೂ ತುಂಡಾಗದ ಹಾಗೆ ಒಂದೇ ಸುತ್ತು ಅಂಟು ಬಿಟ್ಟೆ. ಬಳೆ ಒತ್ತಿ, ಅಂಚಿನಲ್ಲಿ ಸಣ್ಣಗೆ ಉಕ್ಕುವವರೆಗೆ ಮಾತ್ರ ಸ್ಕ್ರೂ ತಿರುಗಿಸಿ ನಿಲ್ಲಿಸಿದೆ. ಪೂರ್ತಿ ಬಿಗಿದರೆ ಅಂಟೆಲ್ಲ ಹಿಂಡಿ ಹೊರಗೆ ಬರುತ್ತದೆ, ನಡುವೆ ಏನೂ ಉಳಿಯುವುದಿಲ್ಲ. ಹೋದ ಸಲ ಆ ತಪ್ಪೂ ಮಾಡಿದ್ದೆ.

ಅತ್ತೆ ಕಾಫಿ ತಂದಿಟ್ಟು, "ಸೊಸೆಗಿಂತ ಈ ದೋಣಿಗೇ ಸ್ನಾನ ಜಾಸ್ತಿ," ಎಂದರು.

ಮೇ 25, ಭಾನುವಾರ

ಉಳಿದ ಬಿಗಿ ಕೊಟ್ಟಾಯಿತು. ಉಗುರು ಹಾಕಿದೆ. ಉಗುರೇ ಮುರಿಯಿತು!

ದೋಣಿಯನ್ನು ನೆಟ್ಟಗೆ ಮಾಡಿ ಇಟ್ಟಿಗೆಗಳ ಮೇಲೆ ಕೂರಿಸಿದೆವು. ಮಧ್ಯಾಹ್ನ ಜೋರು ಮಳೆ. ಟಾರ್ಪಾಲು ಕಿತ್ತೆಸೆದೆ. ನಾಗೇಂದ್ರ ಬೆಚ್ಚಿದರು. "ಏನೇ ಮಾಡ್ತಿದ್ದೀಯ?" ತುಂಬಲಿ ಎಂದೆ. ಹೊರಗಿನ ನೀರು ಒಳಗೆ ಬರಬಾರದಾದರೆ ಒಳಗಿನದು ಹೊರಗೂ ಹೋಗಬಾರದು.

ಮಳೆ ನಿಂತ ಮೇಲೆ ತಳವನ್ನೆಲ್ಲ ಒರೆಸಿ, ಕೆಳಗೆ ತಲೆ ಹಾಕಿ ಕೂತೆ. ಮಾಲಾ ಬಂದಳು. ಸಣ್ಣಮಾದಯ್ಯ ಬಂದ. ಬೀದಿಯೇ ಬಂತು. ಸಂಜೆಯಾಯಿತು. ಬಳೆಯ ಸುತ್ತ ಒಂದು ಹನಿ ಇಲ್ಲ. ಬಾಯಿಬಿಟ್ಟಿದ್ದ ಅಂಚಿಗೆ ಪಿಯು ತುಂಬಿದ್ದೆ, ಅಲ್ಲೂ ಇಲ್ಲ.

"ಬಳೆಗೂ ಪಿಯು ಹಾಕಿದ್ರೆ ನಿಲ್ತಿತ್ತು ಬುಡು," ಎಂದ ಸಣ್ಣಮಾದಯ್ಯ. ಒಪ್ಪುವ ಜಾತಿಯಲ್ಲ ಅವನು.

ಜೂನ್ 8, ಭಾನುವಾರ

ಮಂಡಕಳ್ಳಿ ಆಚೆ ಒಂದು ಕೆರೆ. ಮೀನುಗಾರರ ಸಂಘದ್ದು. ಅಧ್ಯಕ್ಷರು ಚಿಕ್ಕಬಸವಯ್ಯ. ಹಕ್ಕಿ ನೋಡಲು ಬರುವವರನ್ನು ಸುತ್ತಿಸುತ್ತೇನೆ, ಜೊಂಡು ತೆಗೆಯಲೂ ದೋಣಿ ಕೊಡುತ್ತೇನೆ ಎಂದು ಕೇಳಿಕೊಂಡಿದ್ದೆ.

"ಟೀವೀಲಿ ಬಂದಿದ್ದೋಳು ನೀನೇ ಅಲ್ವಾ?"

"ನಾನೇ."

"ಇದೂ ಅದೇ ದೋಣಿ?"

"ಅದೇ."

ಅವರ ಸಂಘದವರು ನಕ್ಕರು. ನಾನು ಹುಟ್ಟು ಎತ್ತಿಕೊಂಡೆ. "ನಾನೊಬ್ಳೇ ಹೋಗ್ತೀನಿ ಅಣ್ಣ. ನಡುಕೆರೇಲಿ ನಿಂತಿರ್ತೀನಿ. ಸಾಕು ಅನ್ನಿಸ್ದಾಗ ಕೂಗಿ."

ನಿಂತೆ. ತಲೆಯ ಮೇಲಿಂದ ಮಂಡಕಳ್ಳಿ ನಿಲ್ದಾಣಕ್ಕೆ ವಿಮಾನ ಇಳಿಯಿತು. ಬಿಸಿಲು ಏರಿತು. ಒಮ್ಮೆಯೂ ಕೆಳಗೆ ನೋಡಲಿಲ್ಲ. ಪಾದ ಒಣಗಿದೆಯೋ ಇಲ್ಲವೋ ಪಾದಕ್ಕೇ ಗೊತ್ತು. ದಡದಲ್ಲಿ ಅವರಿಗೇ ಹಸಿವಾಗಿ ಕೂಗಿದರು. ಚಿಕ್ಕಬಸವಯ್ಯ ದೋಣಿಯ ಒಳಗೆ ಕೈ ಆಡಿಸಿ, ಕೈಯನ್ನು ಪಂಚೆಗೆ ಒರೆಸಿಕೊಳ್ಳಲು ಹೋಗಿ ನಿಲ್ಲಿಸಿದರು. ಒರೆಸಿಕೊಳ್ಳಲು ಏನೂ ಇರಲಿಲ್ಲ.

"ಊಟ ಮಾಡು ಬಾ ಕಣಮ್ಮ," ಎಂದರು.

ಜೂನ್ 15, ಭಾನುವಾರ. ಕೆರೆದಡ

ಶಿವಾನಿಗೆ ಮೆಸೇಜ್ ಹಾಕಿದ್ದೆ. ಬರುತ್ತಾರೆಂದು ಅಂದುಕೊಂಡಿರಲಿಲ್ಲ. ಬಂದಿದ್ದಾರೆ, ಅಪೂರ್ವಳ ಜೊತೆ. ಹುಡುಗಿ ದೂರದ ಕಲ್ಲಿನ ಮೇಲೆ ನೀರಿಗೆ ಬೆನ್ನು ಹಾಕಿ ಕೂತಿದ್ದಾಳೆ. "ಬಲವಂತ ಬೇಡ," ಎಂದರು ಶಿವಾನಿ. ಬೇಡ ಎಂದೆ. ಆಕೆಯೊಬ್ಬರನ್ನೇ ಒಂದು ಸುತ್ತು ಕರೆದುಕೊಂಡು ಹೋಗಿ ಬಂದೆ. ಆಕೆ ಎರಡೂ ಕೈಯಲ್ಲಿ ಅಂಚು ಹಿಡಿದು, ಹಿಂದಿನ ಬಳೆಯನ್ನೇ ನೋಡುತ್ತಾ ಕೂತಿದ್ದರು. ಅರ್ಧ ದಾರಿಯಲ್ಲಿ ಒಂದು ಕೈ ಬಿಟ್ಟರು.

ಈಗ ಹುಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಆಗಲೇ ರುದ್ರಸ್ವಾಮಿಯ ಫೋನ್.

"ಹಳೇದೆಲ್ಲ ಬುಟ್ಬುಡು ಧರಣಿ. ಹೊಸ ಬೋಟ್ ಬಂದದೆ. ಲೈಸೆನ್ಸ್ ಇರೋ ಡ್ರೈವರ್ ಬೇಕು ಅಂತವ್ರೆ ಇಲಾಖೇನೋರು. ನಾಳೆಯಿಂದ್ಲೇ ಬಾ."

"ಬಂಡೆ ಇರ್ಲಿಲ್ಲ ಅಂತ ಅದೇ ಚಾನೆಲ್ ಮುಂದೆ ಹೇಳಿ. ಆಮೇಲೆ ಮಾತು."

"ಅದೆಲ್ಲ ಈಗ್ಯಾಕೆ?"

"ನಂಗೆ ಬೇಕು."

ಕಟ್ ಮಾಡಿದೆ. ನಾನೇ. ಇವತ್ತು ಮೊದಲ ಸಲ. ಮತ್ತೆ ಹೊಡೆದುಕೊಳ್ಳುತ್ತಿದೆ. ಹೊಡೆದುಕೊಳ್ಳಲಿ. ಅವನು ಹೇಳುವ ತನಕ ಹೋಗುವುದಿಲ್ಲ, ಹೇಳಿದರೂ ಹೋಗುತ್ತೇನೋ ಇಲ್ಲವೋ, ಅದು ನನ್ನ ಇಷ್ಟ. ನನಗೊಂದು ದೋಣಿ ಇದೆ, ನನ್ನ ಕೈಯಲ್ಲೇ ಸರಿಯಾದದ್ದು, ಮುಂದಿನ ವಾರ ಚಿಕ್ಕಬಸವಯ್ಯನವರು ಜೊಂಡು ತೆಗೆಯಲು—

ಶಿವಾನಿ ನನ್ನ ಭುಜ ಮುಟ್ಟಿ ತೋರಿಸುತ್ತಿದ್ದಾರೆ. ಕಲ್ಲಿನ ಮೇಲೆ ಯಾರೂ ಇಲ್ಲ. ಅಪೂರ್ವ ಯಾರನ್ನೂ ಕೇಳದೆ ದೋಣಿಯೊಳಗೆ ಹೋಗಿ ಕೂತಿದ್ದಾಳೆ, ಹುಟ್ಟನ್ನು ತಲೆಕೆಳಗಾಗಿ ಹಿಡಿದುಕೊಂಡು, "ಆಂಟೀ, ಇದು ಎಂಗೆ—"