ಮಾಶಿಮಾರ ಮೀನೂಟ ಮತ್ತು ನನ್ನ ಮೂಗು

ಮಾನ್ಯ ಎಸ್ಟೇಟ್ ಅಧಿಕಾರಿಗಳೇ,

ನನ್ನ ಧಾರ್ಮಿಕ ಭಾವನೆಗೆ ನೋವಾಗಿದೆ ಎಂಬ ಸುದ್ದಿ ನನಗೆ ತಮ್ಮ ನೋಟೀಸ್ ಬೋರ್ಡಿನಿಂದ ತಿಳಿಯಿತು. ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಹಾಲು ತರಲು ಕೆಳಗಿಳಿದವನು, ಕೋಲ್ಕತಾದ ಸಾಲ್ಟ್ ಲೇಕಿನ ನಮ್ಮ ಸರ್ಕಾರಿ ವಸತಿಗೃಹದ ಲಿಫ್ಟಿನ ಪಕ್ಕದಲ್ಲೇ ನಿಂತು ಓದಿದೆ. ಸಸ್ಯಾಹಾರಿ ನಿವಾಸಿಗಳ, ವಿಶೇಷವಾಗಿ ದಕ್ಷಿಣ ಭಾರತೀಯ ಕುಟುಂಬಗಳ ಧಾರ್ಮಿಕ ಭಾವನೆಗಳನ್ನು ಗೌರವಿಸುವ ಸಲುವಾಗಿ, ಇನ್ನು ಮುಂದೆ ಸಮುದಾಯ ಭವನದಲ್ಲಿ ಮೀನು, ಮಾಂಸ ಬೇಯಿಸುವುದು, ಬಡಿಸುವುದು ಹಾಗೂ ಅವನ್ನು ಲಿಫ್ಟಿನಲ್ಲಿ ಸಾಗಿಸುವುದು ನಿಷಿದ್ಧ. ಇಡೀ ಸಂಕೀರ್ಣದಲ್ಲಿ ಸದ್ಯಕ್ಕೆ ದಕ್ಷಿಣ ಭಾರತದ ಕುಟುಂಬ ಎಂದರೆ ನಮ್ಮದೊಂದೇ. ಹೆಸರು ಬರೆಯದೆ ಉಳಿಸಿದ್ದೀರಿ, ಅದೊಂದು ಉಪಕಾರ. ಮನೆ ನಂಬರನ್ನೂ ಹಾಕಿಬಿಟ್ಟಿದ್ದರೆ ಜನರಿಗೆ ಹುಡುಕುವ ಶ್ರಮ ತಪ್ಪುತ್ತಿತ್ತು.

ಈ ಪತ್ರವನ್ನು ಕನ್ನಡದಲ್ಲೇಕೆ ಬರೆದು ನಮ್ಮ ಕನ್ನಡ ಸಂಘದ ಪತ್ರಿಕೆಗೆ ಕೊಟ್ಟೆ ಎಂದು ತಾವು ಕೇಳಬಹುದು. ನಾನು ಬಾಯಿ ಬಿಡುವ ಮೊದಲೇ ನನ್ನ ಭಾವನೆಯನ್ನು ಅರಿತ ತಮಗೆ ನನ್ನ ಭಾಷೆ ಯಾವ ಮಹಾ? ಓದಿಕೊಳ್ಳಿ. ತಿಳಿಯದಿದ್ದರೆ ನನ್ನನ್ನು ಕರೆಸಿ, ಓದಿ ಹೇಳುತ್ತೇನೆ. ಹಾಗಾದರೂ ಒಮ್ಮೆ ನನ್ನನ್ನೇ ಕೇಳಿದಂತಾಗುತ್ತದೆ.

ನನ್ನ ಹೆಸರು ಮುರಾರಿ. ಉಡುಪಿಯ ಕಡೆಯವನು. ಬಾಲಿಗಂಜಿನಲ್ಲಿ ನನ್ನದೊಂದು ಸಣ್ಣ ಕೇಟರಿಂಗ್ ವ್ಯವಹಾರವಿದೆ. ಹೆಂಡತಿ ಪ್ರಭಾವತಿ ತಮ್ಮದೇ ಇಲಾಖೆಯ ನೌಕರಿಯಲ್ಲಿರುವುದರಿಂದ ನಮಗೆ ಇಲ್ಲಿ ಮನೆ. ನಮ್ಮದು ಈರುಳ್ಳಿ, ಬೆಳ್ಳುಳ್ಳಿ ಕೂಡ ಒಳಗೆ ಬಾರದ ಅಡುಗೆಮನೆ. ಏಕಾದಶಿಗೆ ಉಪವಾಸ, ಚಾತುರ್ಮಾಸ್ಯಕ್ಕೆ ವ್ರತ. ಅಂದರೆ, ತಾವು ಯಾರ ಹೆಸರಿನಲ್ಲಿ ಮೀನಿಗೆ ಬಾಗಿಲು ಹಾಕಿದಿರೋ ಆ ಅಸಲಿ ಸರಕು ನಾನೇ. ಹಾಗಾಗಿ ಈ ವಿಷಯದಲ್ಲಿ ಮಾತಾಡಲು ತಮಗಿಂತ ನನಗೆ ತುಸು ಹೆಚ್ಚು ಅಧಿಕಾರವಿದೆ ಎಂದುಕೊಂಡಿದ್ದೇನೆ.

ನಮ್ಮ ಎದುರು ಮನೆಯಲ್ಲಿ ಮಿಹಿರ್ ಬಾಬು ಇದ್ದಾರೆ. ಅವರ ಹೆಂಡತಿಯನ್ನು ನಾವು ಇಲ್ಲಿಯ ರೂಢಿಯಂತೆ ಬೌದಿ, ಅತ್ತಿಗೆ, ಎಂದು ಕರೆಯುತ್ತೇವೆ. ಮಿಹಿರ್ ಬಾಬುವಿನ ತಾಯಿ ನಮಗೆಲ್ಲ ಮಾಶಿಮಾ, ಚಿಕ್ಕಮ್ಮ. ಎರಡೂ ಮನೆಯ ಅಡುಗೆಮನೆ ಕಿಟಕಿಗಳು ಎದುರುಬದುರು, ಕೈ ಚಾಚಿದರೆ ಬಟ್ಟಲು ದಾಟಿಸುವಷ್ಟು ಹತ್ತಿರ. ಮಾಶಿಮಾ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಈ ಊರಿನ ಹಳೆಯ ಕಟ್ಟಳೆಯಂತೆ ಅಂದಿನಿಂದ ಮೀನು ಬಿಟ್ಟರು, ಈರುಳ್ಳಿ ಬಿಟ್ಟರು, ಮಸೂರ್ ಬೇಳೆಯನ್ನೂ ಬಿಟ್ಟರು. ಆದರೆ ಮಗನಿಗೆ ದಿನಾ ಮೀನು ಬೇಯಿಸಿದ್ದು ಅವರೇ. ಉಪ್ಪು ನೋಡುವಂತಿಲ್ಲವಲ್ಲ, ಸೊಸೆ ಬಂದ ಮೇಲೆ ಅವಳ ಅಂಗೈಗೆ ಎರಡು ಹನಿ ಹಾಕಿ ಸರಿಯಿದೆಯಾ ಎಂದು ಕೇಳುತ್ತಿದ್ದರು. ಏಕಾದಶಿಯ ದಿನ ಆ ಕಿಟಕಿಯಲ್ಲಿ ಅವರು, ಈ ಕಿಟಕಿಯಲ್ಲಿ ಪ್ರಭಾವತಿ, ಇಬ್ಬರೂ ಹಸಿದ ಹೊಟ್ಟೆಯಲ್ಲಿ ಊಟದ ವಿಷಯವನ್ನೇ ಮಾತಾಡುತ್ತಿದ್ದರು. ನಮ್ಮ ಮನೆಯ ಸಿಹಿ-ಖಾರದ ಅನಾನಸ್ ಮೆಣಸ್ಕಾಯಿ ಎಂದರೆ ಮಾಶಿಮಾಗೆ ಪ್ರಾಣ.

ಸಾಸಿವೆ ಎಣ್ಣೆಯಲ್ಲಿ ಮೀನು ಕಾಯುವ ವಾಸನೆ ನಮ್ಮ ಅಡುಗೆಮನೆಗೆ ಬರುತ್ತಿರಲಿಲ್ಲವೇ? ಧಾರಾಳವಾಗಿ ಬರುತ್ತಿತ್ತು. ನಮ್ಮ ಇಂಗಿನ ಒಗ್ಗರಣೆ ಅವರ ಮನೆಗೆ ಹೋಗುತ್ತಿರಲಿಲ್ಲವೇ? ಬೌದಿಗೆ ಮೊದಲು ತಲೆನೋವು ಬರುತ್ತಿತ್ತಂತೆ. ಬಂದ ಹೊಸತರಲ್ಲಿ ನಾವು ಮೂಗು ಮುಚ್ಚಿಕೊಂಡೆವು, ಅವರೂ ಮುಚ್ಚಿಕೊಂಡರು, ಆಮೇಲೆ ಇಬ್ಬರೂ ಮರೆತೆವು. ಇದಕ್ಕೆ ಯಾವ ಇಲಾಖೆಯ ಮಧ್ಯಸ್ಥಿಕೆಯೂ ಬೇಕಾಗಲಿಲ್ಲ ಮಾರಾಯ್ರೆ. ನಮ್ಮ ಊರಿನ ಮನೆಯ ಮುಂದೆ ದಿನಾ ಮೀನಿನ ಬುಟ್ಟಿ ಹೊತ್ತ ಹೆಂಗಸು ಹಾದುಹೋಗುತ್ತಿದ್ದಳು. ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ತರಕಾರಿ, ಒಂದು ತಿಂಗಳು ಮೊಸರು, ಒಂದು ತಿಂಗಳು ಹಾಲು, ಕೊನೆಗೆ ಬೇಳೆಯನ್ನೂ ಬಿಡುತ್ತಿದ್ದ ನನ್ನ ಅಮ್ಮ ಜಗಲಿಯಲ್ಲಿ ನಿಂತು ಅವಳನ್ನು ಕೇಳುತ್ತಿದ್ದಳು, ಇವತ್ತು ಬೂತಾಯಿ ಸಿಕ್ಕಿತಾ ಎಂದು. ಸಿಗದಿದ್ದರೆ ಅವಳ ಮನೆಯ ಒಲೆ ಉರಿಯುವುದಿಲ್ಲವೆಂದು ಅಮ್ಮನಿಗೆ ಗೊತ್ತಿತ್ತು. ವ್ರತ ಎಂದರೆ ನನ್ನ ನಾಲಿಗೆಗೆ ನಾನು ಹಾಕಿಕೊಳ್ಳುವ ಕಟ್ಟು, ಅದು ಎದುರು ಮನೆಯವರ ಬಾಯಿಗೆ ಹಾಕುವ ಕುಕ್ಕೆಯಲ್ಲ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ನಮ್ಮಲ್ಲಿ ಗಾದೆಯೇ ಇದೆ. ತಾವು ಎರಡನ್ನೂ ಪರರಿಚ್ಛೆ ಮಾಡಿದಿರಿ, ಆ ಪರರು ಯಾರೆಂದು ಕೇಳದೆಯೇ.

ಮಾಶಿಮಾ ಈ ಮಳೆಗಾಲದಲ್ಲಿ ತೀರಿಕೊಂಡರು. ಸೂತಕದಲ್ಲಿ ಮಿಹಿರ್ ಬಾಬು ಉಪ್ಪು, ಖಾರ, ಎಣ್ಣೆ ಬಿಟ್ಟು ಒಪ್ಪತ್ತು ಹವಿಷ್ಯಾನ್ನ ಉಂಡು, ನೆಲದ ಮೇಲೆ ಮಲಗಿ ಕಳೆದರು. ಶ್ರಾದ್ಧ ಮುಗಿದ ಮೇಲೆ ಇಲ್ಲಿಯವರಲ್ಲಿ ಒಂದು ಊಟವಿದೆ, ನಿಯಮಭಂಗ ಎನ್ನುತ್ತಾರೆ. ಬಂಧುಗಳ ಜೊತೆ ಕೂತು ಮೀನು ಬಾಯಿಗಿಟ್ಟ ಮೇಲೆಯೇ ಸೂತಕದ ಕಟ್ಟು ಬಿಚ್ಚಿ ಸತ್ತವರ ಮಕ್ಕಳು ಮತ್ತೆ ಸಂಸಾರಕ್ಕೆ ಬರುವುದು. ಗಮನಿಸಿ, ಅಲ್ಲಿ ಮೀನು ತಿನ್ನುವುದೇ ಧರ್ಮ. ಧಾರ್ಮಿಕ ಭಾವನೆ ಎಂಬುದು ಸಸ್ಯಾಹಾರಿಗಳಿಗೆ ಮಾತ್ರ ಮಂಜೂರಾದ ಭತ್ಯೆ ಎಂದುಕೊಂಡಿರಾ? ಮಾಶಿಮಾ ಬೇರೆ ಮಗನಿಗೆ ಹೇಳಿಟ್ಟಿದ್ದರು. "ನನ್ನ ಶ್ರಾದ್ಧದ ಊಟಕ್ಕೆ ಒಳ್ಳೆಯ ಮೀನು ತರಿಸು. ಇಷ್ಟು ವರ್ಷ ಬರೀ ಬೇಯಿಸಿದ್ದೇ ಆಯಿತು, ನನ್ನ ಪಾಲಿನದನ್ನು ಬಂದವರು ಉಣ್ಣಲಿ."

ಮಿಹಿರ್ ಬಾಬು ಸಮುದಾಯ ಭವನವನ್ನು ಮೊದಲೇ ಗೊತ್ತುಮಾಡಿದ್ದರು. ಊಟಕ್ಕೆ ಎರಡು ದಿನ ಇದೆ ಎನ್ನುವಾಗ ತಮ್ಮ ನೋಟೀಸು ಬಂತು. ಬೋಳಿಸಿದ ತಲೆಯಲ್ಲಿ ಅವರು ಎಸ್ಟೇಟ್ ಕಚೇರಿಗೆ ಬಂದು ತಮ್ಮನ್ನು ಬೇಡಿಕೊಂಡರು. ಭವನ ಕೊಡುತ್ತೇವೆ, ಮೀನು ಬೇಡ ಎಂದಿರಿ. ಆಮೇಲೆ ತಾವೇ ನನಗೆ ಫೋನು ಮಾಡಿದಿರಿ, ನೆನಪಿದೆಯೇ? ಆ ಮನೆಯ ಊಟದ ಕೆಲಸ ನಾನು ವಹಿಸಿಕೊಳ್ಳಬೇಕು, ಇಡ್ಲಿ, ವಡೆ, ಸಾಂಬಾರು ಬಡಿಸಿದರೆ ಎಲ್ಲವೂ ಸುಸೂತ್ರ, ನನಗೂ ನಾಲ್ಕು ಕಾಸು ಎಂದಿರಿ. ನಾನು ಕೇಳಿದ್ದು ಒಂದೇ ಪ್ರಶ್ನೆ, ದೂರು ಕೊಟ್ಟವರು ಯಾರು?

"ದೂರು ಯಾರೂ ಕೊಟ್ಟಿಲ್ಲ ಮುರಾರೀಜಿ. ಬರುವ ಮೊದಲೇ ನಾವು ನೋಡಿಕೊಳ್ಳಬೇಕಲ್ಲ? ನಿಮ್ಮವರಿಗೋಸ್ಕರವೇ ಮಾಡಿದ್ದು."

ಅಸಹ್ಯವಾಯಿತು. ಮೀನಿನ ವಾಸನೆಗೆ ಎಂದೂ ಬಾರದ ವಾಕರಿಕೆ ತಮ್ಮ ಆ ಮಾತಿಗೆ ಬಂತು. ಸೋರುವ ನಲ್ಲಿಗೆ ವರ್ಷಗಟ್ಟಲೆ ದೂರು ಕೊಟ್ಟರೂ ಅಲುಗದ ಕಚೇರಿ, ಕೊಡದ ದೂರಿಗೆ ಇಷ್ಟು ಚುರುಕಾಗಿ ಓಡುತ್ತದೆಯೇ? ಕಳೆದ ಚಳಿಗಾಲದ ಪಿಕ್ನಿಕ್ಕಿನಲ್ಲಿ ತಾವು ನನ್ನ ಬಿಸಿಬೇಳೆಬಾತಿಗೆ ಬೆನ್ನು ಹಾಕಿ ಮಟನ್ ಪಂಕ್ತಿಯಲ್ಲಿ ಎರಡು ಸಲ ನಿಂತದ್ದನ್ನು ಕಂಡಿದ್ದೇನೆ. ತಿಂದದ್ದಕ್ಕೆ ನನ್ನ ತಕರಾರಿಲ್ಲ, ಚೆನ್ನಾಗಿ ತಿನ್ನಿ. ತಿಂದ ಕೈಯನ್ನು ನನ್ನ ಪಂಚೆಗೆ ಒರೆಸುತ್ತೀರಲ್ಲ, ತಕರಾರು ಅದಕ್ಕೆ. ಮೇಲಿನ ಯಾರನ್ನೋ ಮೆಚ್ಚಿಸಬೇಕಿತ್ತು, ಅದಕ್ಕೊಬ್ಬ ನೊಂದವ ಬೇಕಿತ್ತು, ಈರುಳ್ಳಿ ತಿನ್ನದವನೊಬ್ಬ ಕೈಗೆ ಸಿಕ್ಕಿದ. ಮನೆಗೆ ಬಂದು ಹೇಳಿದಾಗ ಪ್ರಭಾವತಿ ಒಲೆ ಆರಿಸಿ ನನ್ನತ್ತ ತಿರುಗಿ ಕೇಳಿದಳು. "ನಮ್ಮ ಮೂಗು ಅವರಿಗೆ ಯಾರು ಬರೆದುಕೊಟ್ಟದ್ದು?"

ಸಾವಿನ ಮನೆಗೆ ಸಾಂಬಾರು ಬಡಿಸುವುದು ನನಗೆ ಹೊಸದಲ್ಲ. ನನ್ನ ಸಾಂಬಾರು ಬೇಕೆಂದು ಕರೆದವರ ಮನೆಗೆ ಎಲ್ಲಿಗಾದರೂ ಹೋಗುತ್ತೇನೆ. ಆದರೆ ಅದನ್ನು ಲಾಠಿಯ ಹಾಗೆ ಬೀಸಲು ನಾನು ಕಲಿತಿಲ್ಲ. ಕೆಲಸ ಒಲ್ಲೆನೆಂದೆ. ಮಿಹಿರ್ ಬಾಬು ಊಟವನ್ನು ತಮ್ಮ ಪುಟ್ಟ ಮನೆಯಲ್ಲೇ ಇಟ್ಟುಕೊಂಡರು. ಹೊರಗೆ ಬೇಯಿಸಿ ತಂದ ಮೀನು ಲಿಫ್ಟಿನಲ್ಲಿ ಬರುವಂತಿಲ್ಲವಲ್ಲ, ತಾವು ನಿಲ್ಲಿಸಿದ ಕಾವಲುಗಾರ ತಲೆ ತಗ್ಗಿಸಿಕೊಂಡು ಮೆಟ್ಟಿಲು ತೋರಿಸಿದ. ತಾಯಿಯನ್ನು ಕಳೆದುಕೊಂಡ ಮನುಷ್ಯ, ಅಷ್ಟು ದಿನ ಒಪ್ಪತ್ತು ಉಂಡು ಸೊರಗಿದ ಮನುಷ್ಯ, ಮೀನಿನ ಹಂಡೆಯ ಒಂದು ಕಿವಿ ಹಿಡಿದು ನಾಲ್ಕನೆಯ ಮಹಡಿಗೆ ಹತ್ತಿದರು. ಇನ್ನೊಂದು ಕಿವಿ ಅವರ ಭಾವನದು. ನಾನು ಮುಂದೆ ಅನ್ನದ ಪಾತ್ರೆ ಹಿಡಿದು ನಡೆದೆ, ನಿರಪರಾಧಿಯಾದ ಅನ್ನಕ್ಕೆ ಲಿಫ್ಟಿನ ಅನುಮತಿ ಇದ್ದರೂ. ಪ್ರತಿ ತಿರುವಿನಲ್ಲಿ ಹಂಡೆ ಇಳಿಸಿ ಅವರು ಉಸಿರು ತೆಗೆದುಕೊಳ್ಳುತ್ತಿದ್ದರು.

ಅವರ ಮನೆಯಲ್ಲಿ ಒಂದು ಪಂಕ್ತಿ ಉಣ್ಣುವಾಗ ಉಳಿದವರು ನಮ್ಮ ಮನೆಯಲ್ಲಿ ಕೂತು ಕಾದರು. ಪ್ರಭಾವತಿ ಎಲ್ಲರಿಗೂ ಪಾನಕ ಕೊಟ್ಟಳು. ನಮ್ಮ ಮನೆಯೊಳಗೆ ಮೀನು ಬಡಿಸಲಿಲ್ಲ, ಹೇಳಿಬಿಡುತ್ತೇನೆ. ಬಡಿಸಿ ಎಂದು ಅವರು ಕೇಳಲಿಲ್ಲ, ಬಡಿಸುತ್ತೇವೆ ಎಂದು ನಾವೂ ಅನ್ನಲಿಲ್ಲ. ಇಬ್ಬರಿಗೂ ಹೊಸ್ತಿಲು ಎಲ್ಲಿದೆಯೆಂದು ಗೊತ್ತು. ನೆರೆಹೊರೆ ಎಂದರೆ ಇಷ್ಟೇ, ಇದನ್ನು ಸುತ್ತೋಲೆಯಲ್ಲಿ ಬರೆಯಲು ಬರುವುದಿಲ್ಲ.

ಡಮ್ ಡಮ್‌ನಿಂದ ಬಂದಿದ್ದ ಮಾಶಿಮಾರ ತಂಗಿ, ಹಣ್ಣು ಹಣ್ಣು ಮುದುಕಿ, ನಮ್ಮ ಸೋಫಾದಲ್ಲಿ ಕೂತು ಪಾನಕ ಕುಡಿದರು. ಗೋಡೆಯ ಮೇಲಿನ ಕೃಷ್ಣನ ಪಟಕ್ಕೆ ಕೈ ಮುಗಿದರು. ಆಮೇಲೆ ಬೌದಿಯ ಕಡೆ ತಿರುಗಿ, ಕಿವಿ ಮಂದವಾದವರ ದೊಡ್ಡ ದನಿಯಲ್ಲಿ, ಯಾವ ಕೋಪವೂ ಇಲ್ಲದೆ ಬಂಗಾಳಿಯಲ್ಲಿ ಕೇಳಿದರು.

"ದಿದಿಯ ಮೀನಿಗೆ ಬೇಡ ಅಂದದ್ದು ಈ ಮನೆಯವರೇನಾ?"

ಬೌದಿ ಅವರ ಕೈ ಅದುಮಿ ಸುಮ್ಮನಾಗಿಸಿದರು. ಆದರೆ ಅಲ್ಲ ಎನ್ನಲಿಲ್ಲ ಮಾನ್ಯರೇ. ಕೋಣೆಯಲ್ಲಿದ್ದ ಯಾರೂ ಅಲ್ಲ ಎನ್ನಲಿಲ್ಲ. ನಾನು ಬಾಯಿ ತೆರೆದೆ, ಏನು ಹೇಳಲಿ? ನೋಟೀಸಿನಲ್ಲಿ ಸರ್ಕಾರದ ಮೊಹರಿದೆ, ನನ್ನ ಮಾತಿಗೆ ಯಾವ ಮೊಹರಿದೆ? ಮಗಳು ವಿಜೇತಾ, ಈ ಊರಿನಲ್ಲೇ ಹುಟ್ಟಿದವಳು, ಮಾಶಿಮಾರ ತೊಡೆಯ ಮೇಲೆ ಬಂಗಾಳಿ ಕಲಿತವಳು, ಸಂಜೆ ಲೋಟ ತೊಳೆಯುತ್ತ ಹೇಳಿದಳು. "ಅಪ್ಪ, ನಾವೇ ಕಂಪ್ಲೇಂಟ್ ಕೊಟ್ಟದ್ದು ಅಂತ ಅವ್ರೆಲ್ಲ ಥಿಂಕ್ ಮಾಡ್ತಿದ್ದಾರೆ."

ಈಗ ತಮ್ಮ ಆದೇಶದ ಫಲಿತಾಂಶ ಕೇಳಿ. ಆ ದಿನದಿಂದ ಬೌದಿ ಅಡುಗೆಮನೆಯ ಕಿಟಕಿ ತೆರೆಯುತ್ತಿಲ್ಲ. ಮೆಟ್ಟಿಲಲ್ಲಿ ಸಿಕ್ಕರೆ ನಗುತ್ತಾರೆ, ಯೋಗಕ್ಷೇಮ ಕೇಳುತ್ತಾರೆ, ಅದಕ್ಕೇನೂ ಕಡಿಮೆಯಿಲ್ಲ. ಇಲ್ಲಿಯ ಈ ಭಾದ್ರಪದದ ಬೇಗೆ ತಮಗೂ ಗೊತ್ತು, ಎಸಿ ಕೋಣೆಯಿಂದ ಕಾರಿಗೆ ನಡೆಯುವಷ್ಟಾದರೂ ಗೊತ್ತಿರಬೇಕು. ಆ ಬೇಗೆಯಲ್ಲಿ ಆ ಹೆಂಗಸು ಕದ ಮುಚ್ಚಿಕೊಂಡು, ಹೊಗೆಯಲ್ಲಿ ಕೆಮ್ಮುತ್ತ ಮೀನು ಕಾಯಿಸುತ್ತಾರೆ. ಕೆಮ್ಮುವುದು ನಮಗೆ ಕೇಳುತ್ತದೆ. ಪ್ರಭಾವತಿ ಎರಡು ಸಲ ಬೌದಿ ಎಂದು ಕೂಗಿದಳು. "ಇರಲಿ ಬಿಡು, ನಿಮಗೆ ತೊಂದರೆಯಾಗುತ್ತದೆ" ಎಂದು ಒಳಗಿನಿಂದ ಉತ್ತರ ಬಂತು. ಇಷ್ಟು ವರ್ಷಗಳಲ್ಲಿ ಆ ಮನೆಯಿಂದ ಈ ಮಾತು ಬಂದದ್ದು ಇದೇ ಮೊದಲು. ನನ್ನ ಭಾವನೆಗೆ ನೋವಾಗಿದೆ ಎಂದು ಬರೆದಿದ್ದಿರಲ್ಲ, ಈಗ ಆಗಿದೆ. ತಮ್ಮ ನೋಟೀಸು ಕಡೆಗೂ ನಿಜವಾಯಿತು, ಅಭಿನಂದನೆಗಳು.

ಹಾಗಾಗಿ ನನ್ನ ಬೇಡಿಕೆ. ಆ ನೋಟೀಸನ್ನು ಹರಿದು ತೆಗೆಯಿರಿ, ಅದು ಕನಿಷ್ಠ. ಅದೇ ಬೋರ್ಡಿನಲ್ಲಿ, ಅದೇ ಮೊಹರಿನ ಕೆಳಗೆ, ಯಾರೂ ದೂರು ಕೊಟ್ಟಿರಲಿಲ್ಲ ಎಂದು ಬರೆದು ಹಾಕಿ, ಫೋನಿನಲ್ಲಿ ನನಗೆ ಹೇಳಿದ ಹಾಗೆಯೇ. ಅಷ್ಟಕ್ಕೇ ಮುಗಿಯುವುದಿಲ್ಲ. ತಾವು ನಮ್ಮ ಮನೆಗೆ ಬರಬೇಕು. ಮೆಟ್ಟಿಲು ಹತ್ತಿಯೇ ಬನ್ನಿ, ಮಿಹಿರ್ ಬಾಬು ಹತ್ತಿದ್ದು ಅದನ್ನೇ. ಪ್ರಭಾವತಿ ಕಾಫಿ ಕೊಡುತ್ತಾಳೆ, ಹೆದರಬೇಡಿ. ಕುಡಿದಾದ ಮೇಲೆ ನಮ್ಮ ಅಡುಗೆಮನೆಯಲ್ಲಿ ನಿಂತು, ಎದುರಿನ ಆ ಮುಚ್ಚಿದ ಕಿಟಕಿಯನ್ನು ತಮ್ಮದೇ ಬೆರಳಿನಿಂದ ತಟ್ಟಿ, ಅಮ್ಮಾ, ಇವರು ಏನೂ ಹೇಳಿರಲಿಲ್ಲ, ಎಲ್ಲ ನಾನೇ ಹೇಳಿದ್ದು ಎಂದು ಹೇಳಬೇಕು. ಅವರು ಕದ ತೆರೆಯುವವರೆಗೆ ಅಲ್ಲೇ ನಿಂತಿರಿ. ನಾವು ಕೂಗಿ ಸೋತಿದ್ದೇವೆ.

ಇಂತಿ,
ನೋಯುವ ಮೊದಲೇ ನೊಂದವನೆಂದು ಸರ್ಕಾರದಿಂದ ಘೋಷಿತನಾದ,
ಎದುರು ಮನೆಯ ಮೀನಿನ ವಾಸನೆಗಾಗಿ ಕಾದಿರುವ ಶುದ್ಧ ಸಸ್ಯಾಹಾರಿ,
ಮುರಾರಿ
ಸಾಲ್ಟ್ ಲೇಕ್, ಕೋಲ್ಕತಾ